ಮೂಲೆಯಿಂದ ಮೂಲೆಗೆ ಹತ್ತು ಇಂಚು: ಓದಲು ಸಿಗುವುದೆಷ್ಟು?

ನಮ್ಮ ದೊಡ್ಡಪ್ಪ ಬನವಾಸಿ ಸೀಮೆಯ ತಾಳಮದ್ದಳೆ ಕೂಟಗಳಲ್ಲಿ ಪದ ಹೇಳುವವರು. ಅವರ ಪ್ರಸಂಗದ ಪುಸ್ತಕಗಳಿಗೆ ಪ್ರತಿ ಮಳೆಗಾಲವೂ ಬೂಷ್ಟು ಹಿಡಿಯುತ್ತದೆ. ಹಾಳೆ ಬಿಡಿಸಿದರೆ ಮೂಲೆ ಕೈಗೆ ಬರುತ್ತದೆ. ಹಾಗಾಗಿ ಮನೆಯವರೆಲ್ಲ ಸೇರಿ ಅವರಿಗೊಂದು ಟ್ಯಾಬ್ ತೆಗೆದುಕೊಟ್ಟೆವು. ಏಳು ಇಂಚಿನದು ಹಗುರ, ಜೋಳಿಗೆಯಲ್ಲಿ ಹಿಡಿಯುತ್ತದೆ, ಅಷ್ಟು ಸಾಕು ಅಂದುಕೊಂಡಿದ್ದೆವು. ಸ್ಕ್ಯಾನ್ ಮಾಡಿದ ಪ್ರಸಂಗವೊಂದನ್ನು ತೆರೆದುಕೊಟ್ಟರೆ ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಅಕ್ಷರ ಕಾಣ್ತಿಲ್ಲೆ ತಮಾ" ಎಂದರು. ನನ್ನ ಹತ್ತು ಇಂಚಿನದನ್ನು ಕೈಗಿಟ್ಟೆ. ಅದೇ ಪುಟವನ್ನು ಅವರು ರಾಗ ಎತ್ತಿಯೇ ಓದಿದರು.

ಏಳಕ್ಕೂ ಹತ್ತಕ್ಕೂ ಮೂರೇ ಇಂಚಿನ ವ್ಯತ್ಯಾಸ. ಅಷ್ಟರಲ್ಲಿ ಇಷ್ಟು ಹೇಗೆ? ಉತ್ತರ ಹುಡುಕಿ ಹೊರಟವನಿಗೆ ಇದು ಅಂಗಡಿಯ ಮೇಜಿನ ಮೇಲೆ ಮುಗಿಯುವ ಮಾತಲ್ಲವೆಂದು ತಿಳಿಯಿತು. ಪರದೆಯ ಅಳತೆಗೂ ಅದರಲ್ಲಿ ಕಣ್ಣಿಗೆ ದಕ್ಕುವ ಜಾಗಕ್ಕೂ ಏನು ಸಂಬಂಧ ಎಂಬ ಬಗ್ಗೆ ತಯಾರಕರು, ವಿನ್ಯಾಸಕರು, ಓದುಗರು ದಶಕಗಳಿಂದ ವಾದಿಸುತ್ತ ಬಂದಿದ್ದಾರೆ. ಕನ್ನಡದ ಮಟ್ಟಿಗೆ ಆ ವಾದಕ್ಕೆ ಬೇರೆಯೇ ಒಂದು ಮಗ್ಗುಲಿದೆ.

ಗರಿ, ಕಡತ, ಪಾಟಿ

ಬರೆಯುವ ಫಲಕ ನಮ್ಮ ಸೀಮೆಗೆ ಹೊಸದಲ್ಲ. ಬನವಾಸಿಗೆ ದೂರವಲ್ಲದ ತಾಳಗುಂದದಲ್ಲಿ ಕದಂಬರ ಶಾಸನವಿರುವ ಕಲ್ಲುಕಂಬ ಇದೆ. ಅಲ್ಲಿ ಸಾಲುಗಳು ಕಂಬದ ಸುತ್ತ ಸುತ್ತದೆ, ಅದರ ಉದ್ದಕ್ಕೆ ಹರಿದಿವೆ. ಕಂಬದ ಮುಖ ಕಿರಿದು, ಎತ್ತರ ಹೆಚ್ಚು. ಉದ್ದ ಸಾಲು ಬೇಕೆಂದರೆ ಬೇರೆ ದಾರಿಯಿಲ್ಲ. ಇಂದು ನಾವು ಟ್ಯಾಬನ್ನು ಅಡ್ಡ ತಿರುಗಿಸುವುದೂ ಇದೇ ಕಾರಣಕ್ಕೆ.

ಓಲೆಗರಿಯನ್ನು ನೋಡಿ. ಒಂದೂವರೆ ಅಡಿ ಉದ್ದ, ಒಂದೂವರೆ ಇಂಚು ಅಗಲದ ಗರಿಯೊಂದನ್ನು ಇಂದಿನ ಪದ್ಧತಿಯಂತೆ ಮೂಲೆಯಿಂದ ಮೂಲೆಗೆ ಅಳೆದರೆ ಅದು ಹದಿನೆಂಟು ಇಂಚಿನ ಫಲಕ! ಆದರೆ ಅದರ ಒಂದು ಮೈಯ ವಿಸ್ತಾರ 27 ಚದರ ಇಂಚು ಮಾತ್ರ, ಎಂಟು ಇಂಚಿನ ಟ್ಯಾಬಿನಷ್ಟೂ ಇಲ್ಲ. ಆ 27 ಚದರ ಇಂಚೂ ಪೂರ್ತಿ ಬರೆಯಲು ಸಿಗುತ್ತಿರಲಿಲ್ಲ. ದಾರ ಪೋಣಿಸುವ ತೂತಿನ ಸುತ್ತ ಲಿಪಿಕಾರರು ಖಾಲಿ ಬಿಡುತ್ತಿದ್ದರು, ದಾರ ಉಜ್ಜಿ ಅಕ್ಷರ ಸವೆಯಬಾರದೆಂದು. ಎರಡು ತುದಿಗೂ ಅಂಚು ಬಿಡಬೇಕಿತ್ತು. ಇಂದು ಪರದೆಯಲ್ಲಿ ಕ್ಯಾಮೆರಾಕ್ಕೆಂದು ಕೊರೆಯುವ ರಂಧ್ರದ ಬಗ್ಗೆ ಎದ್ದಿರುವ ಪ್ರಶ್ನೆ ಗರಿಯ ಕಾಲದ್ದೇ: ಜಾಗವಿದೆ, ಬಳಸಲಾಗದು, ಅದನ್ನು ಅಳತೆಯಲ್ಲಿ ಸೇರಿಸಬೇಕೇ?

ಹುಣಸೆ ಬೀಜದ ಸರಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಕಡತ ಇನ್ನೊಂದು ಜಾಣ್ಮೆ. ಬಳಪದಲ್ಲಿ ಬರೆಯಬಹುದು, ಒರೆಸಬಹುದು. ಬೇಕಾದಷ್ಟು ಮಡಿಕೆ ಬಿಚ್ಚಿದರೆ ಅಷ್ಟು ಜಾಗ. ಶಾಲೆಯ ಪಾಟಿಯಂತೂ ನಮ್ಮ ತಲೆಮಾರಿನವರೆಲ್ಲ ಬಗಲಿಗೆ ಹಾಕಿಕೊಂಡು ನಡೆದದ್ದು. ಪಾಟಿಗೆ ಮರದ ಕಟ್ಟು ಇರುತ್ತಿತ್ತು. ಕೊಳ್ಳುವಾಗ ಕಟ್ಟು ಸೇರಿಸಿ ಅಳತೆ, ಬರೆಯುವಾಗ ಕಟ್ಟಿನೊಳಗಿನದೇ ಲೆಕ್ಕ. ಇಂಗ್ಲಿಷಿನ 'ಟ್ಯಾಬ್ಲೆಟ್' ಎಂಬ ಪದಕ್ಕೂ ಮೂಲದಲ್ಲಿ ಬರೆಯುವ ಫಲಕವೆಂದೇ ಅರ್ಥ.

ಕರ್ಣದ ಅಳತೆ ಎಲ್ಲಿಂದ ಬಂತು

ಪರದೆಯನ್ನು ಓರೆಯಾಗಿ ಅಳೆಯುವ ರೂಢಿ ಟಿವಿಯ ಕೊಡುಗೆ. ಮೊದಲ ಕಾಲದ ಚಿತ್ರನಳಿಗೆಗಳ ಮುಖ ದುಂಡಗಿತ್ತು. ದುಂಡಗಿನ ವಸ್ತುವಿಗೆ ವ್ಯಾಸವೊಂದೇ ಅಳತೆ ಸಾಕು. ಮುಂದೆ ಮುಖ ಆಯತವಾಯಿತು, ಒಂದೇ ಸಂಖ್ಯೆ ಹೇಳುವ ಚಾಳಿ ಉಳಿಯಿತು. ವ್ಯಾಸದ ಜಾಗಕ್ಕೆ ಕರ್ಣ ಬಂದು ಕೂತಿತು. ಜೊತೆಗೊಂದು ತಕರಾರೂ ಬಂತು. ಗಾಜಿನ ನಳಿಗೆಯ ಅಂಚು ಪೆಟ್ಟಿಗೆಯೊಳಗೆ ಹುದುಗಿರುತ್ತಿತ್ತು, ಚಿತ್ರ ಅಲ್ಲಿಯವರೆಗೆ ಹೋಗುತ್ತಿರಲಿಲ್ಲ, ಮಾರುವವರು ಮಾತ್ರ ಇಡೀ ನಳಿಗೆಯ ಅಳತೆ ಹೇಳುತ್ತಿದ್ದರು. ಅಮೆರಿಕದ ವ್ಯಾಪಾರ ಆಯೋಗ 1966ರಲ್ಲಿ ಇದಕ್ಕೆ ನಿಯಮ ಮಾಡಿತು: ಹೇಳುವ ಅಳತೆ ಕಾಣುವ ಚಿತ್ರದ್ದಾಗಿರಬೇಕು. ಟಿವಿಗೆ ಬಂದ ಶಿಸ್ತು ಕಂಪ್ಯೂಟರಿಗೆ ಬರಲಿಲ್ಲ. 1990ರ ದಶಕದಲ್ಲಿ 15 ಇಂಚೆಂದು ಮಾರಿದ ಮಾನಿಟರಿನಲ್ಲಿ 13.8 ಇಂಚಿನಷ್ಟೇ ಕಾಣುತ್ತಿತ್ತು, ಅದು ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು.

ಚಪ್ಪಟೆ ಪರದೆ ಬಂದ ಮೇಲೆ ಹುದುಗಿದ ಅಂಚಿನ ಗೊಂದಲ ಬಹುಮಟ್ಟಿಗೆ ಹೋಯಿತು. ಹೇಳಿದ ಕರ್ಣವೇ ಕಾಣುವ ಕರ್ಣ. ಹಾಗಾದರೆ ತಕರಾರು ಮುಗಿಯಿತೇ ಎಂದರೆ, ನಿಜವಾದದ್ದು ಶುರುವಾದದ್ದೇ ಅಲ್ಲಿಂದ.

ಚದರ ಇಂಚಿನವರ ವಾದ

ಉದ್ದಗಲ ಎರಡೂ ಬೆಳೆದಾಗ ವಿಸ್ತಾರ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ತೋಟದ ಅಳತೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 16:10 ಆಕಾರದ ಏಳು ಇಂಚಿನ ಪರದೆಯ ವಿಸ್ತಾರ 22 ಚದರ ಇಂಚು. ಅದೇ ಆಕಾರದ ಹತ್ತು ಇಂಚಿನದಕ್ಕೆ 44.9. ಮೂರು ಇಂಚು ಹೆಚ್ಚಿದ್ದಕ್ಕೆ ಜಾಗ ಎರಡು ಪಾಲಾಯಿತು. ದೊಡ್ಡಪ್ಪನ ಕಣ್ಣು ಹೇಳಿದ್ದೂ ಇಷ್ಟನ್ನೇ.

ಈ ಮಾತನ್ನು ಜಗತ್ತಿನ ಮುಂದೆ ಜೋರಾಗಿ ಎತ್ತಿದವರು ಆ್ಯಪಲ್‌ನ ಸ್ಟೀವ್ ಜಾಬ್ಸ್. ಅದೇ ವರ್ಷ 9.7 ಇಂಚಿನ ಐಪ್ಯಾಡ್ ಹೊರತಂದಿದ್ದ ಅವರು 2010ರ ಅಕ್ಟೋಬರಿನಲ್ಲಿ, ಏಳು ಇಂಚಿನ ಪರದೆಯಲ್ಲಿ ಹತ್ತು ಇಂಚಿನದರ ನೂರಕ್ಕೆ ಎಪ್ಪತ್ತರಷ್ಟು ಸಿಗುತ್ತದೆಂದು ಜನ ಭಾವಿಸುತ್ತಾರೆ, ಸಿಗುವುದು ನಲವತ್ತೈದರಷ್ಟೇ ಎಂದರು. ಆಗಿನ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬಿನ 1024×600ರ ಆಕಾರವನ್ನು ಹಿಡಿದು ನಾನು ಲೆಕ್ಕ ಹಾಕಿದರೆ ಸುಮಾರು 47 ಬರುತ್ತದೆ. ವಾದ ಸರಿಯೇ ಇತ್ತು. ಎರಡು ವರ್ಷದ ಬಳಿಕ ಅದೇ ಕಂಪನಿ 7.9 ಇಂಚಿನ ಐಪ್ಯಾಡ್ ಮಿನಿ ತಂದಾಗ ಇದೇ ವಾದವನ್ನು ಇನ್ನೊಂದು ಕಡೆಯಿಂದ ಬಳಸಿತು. ಏಳು ಇಂಚಿನ ನೆಕ್ಸಸ್ 7ರಲ್ಲಿ 21.9 ಚದರ ಇಂಚು, ನಮ್ಮದರಲ್ಲಿ 29.6, ಅಂದರೆ ನೂರಕ್ಕೆ ಮೂವತ್ತೈದರಷ್ಟು ಹೆಚ್ಚು ಎಂದಿತು. ಕರ್ಣದಲ್ಲಿ ಒಂದು ಇಂಚೂ ವ್ಯತ್ಯಾಸವಿರಲಿಲ್ಲ.

ಈ ಜಿಗಿತ ಬರೀ ಕರ್ಣದಿಂದ ಬಂದದ್ದಲ್ಲ. ಐಪ್ಯಾಡಿನ ಪರದೆ 4:3, ಚೌಕಕ್ಕೆ ಹತ್ತಿರ. ಕರ್ಣ ಒಂದೇ ಇದ್ದರೂ ಪರದೆ ಉದ್ದುದ್ದವಾದಷ್ಟು ವಿಸ್ತಾರ ಕರಗುತ್ತದೆ. ಹತ್ತು ಇಂಚಿನ ಪರದೆಯೇ 4:3 ಆದರೆ 48 ಚದರ ಇಂಚು, 16:10 ಆದರೆ 44.9, 16:9 ಆದರೆ 42.7. ಗರಿಯ ಹದಿನೆಂಟು ಇಂಚು ಅದೇ ದಾರಿಯ ಕೊನೆ. ಹಾಗಾಗಿ ಈ ಪಂಥದವರ ಬೇಡಿಕೆ ಸರಳ: ಪೆಟ್ಟಿಗೆಯ ಮೇಲೆ ಕರ್ಣದ ಜೊತೆ ಚದರ ಅಳತೆಯನ್ನೂ ಬರೆಯಿರಿ. ನಮ್ಮ ದೇಶದಲ್ಲಿ ಟಿವಿಗಳನ್ನು 80 ಸೆಂಟಿಮೀಟರ್, 32 ಇಂಚು ಎಂದು ಎರಡು ಮಾನದಲ್ಲಿ ಬರೆದು ಮಾರುತ್ತಾರೆ. ಮಾನ ಎರಡಾದರೂ ಹೇಳುವುದು ಅದೇ ಒಂದು ಕರ್ಣವನ್ನು. ಬೇಡಿಕೆ ನ್ಯಾಯವಾದದ್ದು ಎಂಬುದು ನನ್ನ ಮತ.

ಪುಟದ ಆಕಾರ ಹಿಡಿದವರು

ಚದರ ಇಂಚೂ ಪೂರ್ತಿ ಸತ್ಯ ಹೇಳುವುದಿಲ್ಲ ಎನ್ನುವವರು ಇದ್ದಾರೆ. ಪರದೆಯಲ್ಲಿ ಏನು ತೋರಿಸುತ್ತೀರಿ, ಅದರ ಆಕಾರ ಯಾವುದು ಎಂಬುದರಿಂದ ಲೆಕ್ಕ ಶುರುವಾಗಬೇಕು ಎಂಬುದು ಅವರ ನಿಲುವು. ಈ ಪಂಥದ ವಾದವೇ ನಮ್ಮಂಥ ಓದುಗರಿಗೆ ಹೆಚ್ಚು ಹತ್ತಿರದ್ದು.

ಕನ್ನಡ ಪುಸ್ತಕಗಳ ಸಾಮಾನ್ಯ ಆಕಾರ ಡೆಮಿ 1/8: ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಮೂಲೆಯಿಂದ ಮೂಲೆಗೆ ಅಳೆದರೆ ಹತ್ತು ಇಂಚಿಗೆ ಕೂದಲೆಳೆಯಷ್ಟು ಹೆಚ್ಚು. ಕನ್ನಡದ ಪುಸ್ತಕ ತಾನೇ ಹತ್ತು ಇಂಚಿನ ಟ್ಯಾಬ್ ಆಗಿತ್ತು ಎಂದು ಗೊತ್ತಾದ ದಿನ ನನಗೆ ಖುಷಿಯಾಯಿತು. ಈ ಪುಟವನ್ನು 16:10ರ ಹತ್ತು ಇಂಚಿನ ಪರದೆಯಲ್ಲಿ ನಿಲುವಾಗಿ ತೆರೆದರೆ ನೂರಕ್ಕೆ 96ರಷ್ಟು ಗಾತ್ರದಲ್ಲಿ ಕೂರುತ್ತದೆ. ಹೆಚ್ಚು ವಿಸ್ತಾರವಿರುವ 4:3ರ ಪರದೆಯಲ್ಲಿ ತೆರೆದರೆ 94! ಮೂರು ಚದರ ಇಂಚು ಹೆಚ್ಚಿದ್ದೂ ಪುಟ ಚಿಕ್ಕದಾಯಿತು, ಏಕೆಂದರೆ ಉಳಿದ ಜಾಗ ಪುಟದ ಎಡಬಲದಲ್ಲಿ ಖಾಲಿ ಬಿತ್ತು. ಕಚೇರಿಯ ಎ4 ಹಾಳೆಗೆ ಬಂದರೆ ಫಲಿತಾಂಶ ತಿರುಗುತ್ತದೆ. 4:3ರಲ್ಲಿ ಅದು 68ಕ್ಕೆ ಕುಗ್ಗುತ್ತದೆ, 16:10ರಲ್ಲಿ 64ಕ್ಕೆ. ಏಳು ಇಂಚಿನ ಪರದೆಯಲ್ಲಿ ಎ4 ಹಾಳೆ 45ಕ್ಕೆ ಇಳಿಯುತ್ತದೆ. ಹನ್ನೆರಡು ಪಾಯಿಂಟಿನ ಅಕ್ಷರ ಐದೂವರೆ ಪಾಯಿಂಟೂ ಉಳಿಯದೆ ಔಷಧದ ಡಬ್ಬಿಯ ಮೇಲಿನ ಅಕ್ಷರದಂತಾಗುತ್ತದೆ.

ವಿಡಿಯೋದ ಲೆಕ್ಕ ಮತ್ತೆ ಬೇರೆ. ಈಗಿನ ಯಕ್ಷಗಾನದ ಚಿತ್ರೀಕರಣಗಳು ಬಹುಪಾಲು 16:9. ಅದನ್ನು 4:3ರ ಹತ್ತು ಇಂಚಿನಲ್ಲಿ ನೋಡಿದರೆ 48ರಲ್ಲಿ 36 ಚದರ ಇಂಚು ಮಾತ್ರ ತುಂಬುತ್ತದೆ, ಮೇಲೂ ಕೆಳಗೂ ಕಪ್ಪುಪಟ್ಟಿ. ಹಳೆಯ ವಿಸಿಡಿಯ 4:3ರ ಆಟವನ್ನು 16:9ರ ಪರದೆಯಲ್ಲಿ ಹಾಕಿದರೆ 42.7ರಲ್ಲಿ 32, ಕಪ್ಪುಪಟ್ಟಿ ಎಡಬಲಕ್ಕೆ. ಎರಡೂ ಕಡೆ ಕಾಲುಭಾಗ ನಷ್ಟ.

ನಮ್ಮ ಊರಿನ ದಿನನಿತ್ಯದ ಓದು ಪುಸ್ತಕವೂ ಅಲ್ಲ, ವಿಡಿಯೋವೂ ಅಲ್ಲ, ಅದು ಕೋಷ್ಟಕ. ಪಹಣಿ ಅಡ್ಡಗಲದ ಕೋಷ್ಟಕ. ಅಡಿಕೆ ಧಾರಣೆಯ ಪಟ್ಟಿಯೂ ಹಾಗೆಯೇ: ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಚಾಲಿ, ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ, ಸರಾಸರಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಾರುಕಟ್ಟೆಗಳನ್ನು ಒಂದೇ ನೋಟದಲ್ಲಿ ಹೋಲಿಸಬೇಕಾದವನಿಗೆ ಪರದೆಯ ಅಗಲವೇ ಬೇಕು. ಹಿಗ್ಗಿಸಿ ಸರಿಸಿ ನೋಡಿದರೆ ಅಂಕಿ ಕಾಣುತ್ತದೆ, ಅದು ಯಾವ ಕಲಮಿನದು ಎಂಬ ತಲೆಬರಹ ಪರದೆಯಿಂದ ಆಚೆ ಹೋಗಿರುತ್ತದೆ. ಬೆಟ್ಟೆಯ ದರವನ್ನು ರಾಶಿಯದೆಂದು ಓದಿಕೊಳ್ಳಲು ಅಷ್ಟು ಸಾಕು.

ಚುಕ್ಕಿಗಳ ಲೆಕ್ಕ

ಪಿಕ್ಸೆಲ್ ಪಂಥದವರದು ಇನ್ನೊಂದು ಮಾತು. ಜಾಗವೆಷ್ಟಿದ್ದರೇನು, ಆ ಜಾಗದಲ್ಲಿ ಚುಕ್ಕಿಗಳು ವಿರಳವಾಗಿದ್ದರೆ ಅಕ್ಷರ ಮೂಡುವುದಿಲ್ಲ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಅಗ್ಗದ 'ಆಕಾಶ್' ಟ್ಯಾಬ್ ಇದಕ್ಕೆ ಉದಾಹರಣೆ. ಏಳು ಇಂಚಿನ ಪರದೆ, 800×480 ಚುಕ್ಕಿಗಳು, ಇಂಚಿಗೆ ಸುಮಾರು 133. ಅದರಲ್ಲಿ ಡೆಮಿ ಪುಟವನ್ನು ಅಗಲಕ್ಕೆ ಹೊಂದಿಸಿದರೆ ಹನ್ನೆರಡು ಪಾಯಿಂಟಿನ ಸಾಲಿಗೆ ಹದಿನಾಲ್ಕು ಹದಿನೈದು ಚುಕ್ಕಿಗಳ ಎತ್ತರ ಸಿಗುತ್ತದೆ. ಇಂಗ್ಲಿಷಿಗೆ ಅದು ಹೇಗೋ ಸಾಕು. 'ರಾಷ್ಟ್ರ' ಎಂಬ ಪದದ ಷ, ಅದರಡಿಯ ಟ, ಪಕ್ಕದ ರ ಒತ್ತು ಇಷ್ಟನ್ನೂ ಆ ಚುಕ್ಕಿಗಳಲ್ಲಿ ಹಿಡಿಸಲು ಹೋದರೆ ಮಸಿ ಚೆಲ್ಲಿದಂತಾಗುತ್ತದೆ.

ಆದರೆ ಚುಕ್ಕಿಗಳ ವಾದಕ್ಕೊಂದು ಮಿತಿಯಿದೆ. ಸಾಮಾನ್ಯ ಕಣ್ಣು ಬೇರ್ಪಡಿಸಬಲ್ಲ ಅತಿ ಸಣ್ಣ ಕೋನವನ್ನು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗವೆಂದು ಹಿಡಿಯುತ್ತಾರೆ. ನಲವತ್ತು ಸೆಂಟಿಮೀಟರ್ ದೂರದಿಂದ ನೋಡಿದರೆ ಇಂಚಿಗೆ ಸುಮಾರು 220 ಚುಕ್ಕಿಗಳಾದ ಮೇಲೆ ಹೆಚ್ಚಿಸಿ ಉಪಯೋಗ ಕಡಿಮೆ. 2012ರ ಐಪ್ಯಾಡ್ ಆಗಲೇ 264 ಮುಟ್ಟಿತ್ತು. ಅಲ್ಲಿಗೆ ಈ ಪ್ರಶ್ನೆ ಒಳ್ಳೆಯ ಟ್ಯಾಬುಗಳ ಮಟ್ಟಿಗೆ ತೀರಿತು. ಚುಕ್ಕಿ ಹೆಚ್ಚಿದರೆ ಅಕ್ಷರ ಸ್ಪಷ್ಟವಾಗುತ್ತದೆ, ದೊಡ್ಡದಾಗುವುದಿಲ್ಲ. ಅಂಗಡಿಯಲ್ಲಿ ಈ ಎರಡನ್ನೂ ಒಂದೇ ಎಂಬಂತೆ ಹೇಳುವುದನ್ನು ಈಗಲೂ ಕೇಳುತ್ತೇನೆ.

ಪಟ್ಟಿ, ಕೀಲಿಮಣೆ, ಒತ್ತಕ್ಷರ

ಪರದೆ ಪೂರ್ತಿ ಓದುಗನದಲ್ಲ ಎಂಬುದು ತಂತ್ರಾಂಶ ಬಲ್ಲವರ ಮಾತು. ಮೇಲೆ ಗಡಿಯಾರ ಮತ್ತು ಬ್ಯಾಟರಿಯ ಪಟ್ಟಿ, ಅದರಡಿ ವಿಳಾಸದ ಪಟ್ಟಿ, ಕೆಳಗೆ ಗುಂಡಿಗಳದ್ದು. ಇವೆಲ್ಲ ಬೆರಳಿನ ಗಾತ್ರಕ್ಕೆ ಮಾಡಿದವು, ಪರದೆ ಚಿಕ್ಕದಾದರೆ ಇವು ಚಿಕ್ಕದಾಗುವುದಿಲ್ಲ. ಮೂರೂ ಸೇರಿ ಮುಕ್ಕಾಲು ಇಂಚು ಎಂದಿಟ್ಟುಕೊಳ್ಳಿ. ಏಳು ಇಂಚಿನ ಟ್ಯಾಬನ್ನು ನಿಲುವಾಗಿ ಹಿಡಿದರೆ ಎಂಟರಲ್ಲೊಂದು ಪಾಲು ಹೋಗುತ್ತದೆ, ಅಡ್ಡ ಹಿಡಿದರೆ ಐದರಲ್ಲೊಂದು. ಐಪ್ಯಾಡ್ ಮಿನಿ ಬಿಡುಗಡೆಯ ದಿನ, ಅಂತರ್ಜಾಲದ ಪುಟ ಕಾಣುವ ಜಾಗ ಅಡ್ಡ ಹಿಡಿದಾಗ ನೆಕ್ಸಸ್‌ಗಿಂತ ನೂರಕ್ಕೆ 67ರಷ್ಟು ಹೆಚ್ಚೆಂದು ಹೇಳಿದ್ದರ ಹಿಂದಿನ ಲೆಕ್ಕ ಇದೇ. ಬರೀ ವಿಸ್ತಾರ ನೋಡಿದರೆ ಅದು ಮೂವತ್ತೈದು.

ಬರೆಯಲು ಕೂತರಂತೂ ಕೀಲಿಮಣೆ ಎದ್ದು ಬಂದು ಅಡ್ಡ ಹಿಡಿದ ಪರದೆಯ ಅರ್ಧದ ಹತ್ತಿರ ನುಂಗುತ್ತದೆ. ಕೋವಿಡ್ ಕಾಲದಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಕೂತು ಪಾಠ ಕೇಳಿದ ನಮ್ಮ ಕಡೆಯ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಪ್ರಶ್ನೆ ಮೇಲಿದ್ದರೆ ಉತ್ತರದ ಪೆಟ್ಟಿಗೆ ಕಾಣದು, ಪೆಟ್ಟಿಗೆ ಕಂಡರೆ ಪ್ರಶ್ನೆ ಮಾಯ. 2021ರಲ್ಲಿ ರಾಜ್ಯ ಸರ್ಕಾರ ತನ್ನ ಪದವಿ, ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡಲು ಹೊರಟಿತು. ಇಂಥ ಖರೀದಿಗಳಲ್ಲಿ ಕೀಲಿಮಣೆ ಎದ್ದ ಮೇಲೆ ಎಷ್ಟು ಸಾಲು ಕನ್ನಡ ಕಾಣುತ್ತದೆ ಎಂಬುದೂ ಒಂದು ಷರತ್ತಾಗಬೇಕು.

ಕನ್ನಡದ ಅಕ್ಷರಗಳಿಗೆ ಮೇಲೂ ಜಾಗ ಬೇಕು, ಕೆಳಗೂ ಬೇಕು. ಮೇಲೆ ಗುಣಿತದ ಗುಡಿಸು, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನಡಿ ಇನ್ನೊಂದು ಒತ್ತು. ಎರಡು ಸಾಲಿನ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರವಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅದೇ ಪರದೆಯಲ್ಲಿ ಅದೇ ಎತ್ತರದ ಅಕ್ಷರಕ್ಕೆ ಕನ್ನಡದ ಸಾಲು ಕಡಿಮೆ ಬೀಳುವುದು ಇದರಿಂದ. ನಮ್ಮ ಪದಗಳು ಉದ್ದ ಬೇರೆ: ವಿಭಕ್ತಿ, ಸಮಾಸ, 'ಊ', 'ಏ' ಎಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ತಂತ್ರಾಂಶ ಪದವನ್ನು ಒಡೆಯದಿದ್ದರೆ ಕಿರಿದಾದ ಪರದೆಯಲ್ಲಿ ಒಂದು ಸಾಲಿಗೆ ಮೂರು ಪದ ಕೂತು ನಾಲ್ಕನೆಯದು ಕೆಳಗಿಳಿಯುತ್ತದೆ, ಬಲಗಡೆ ಹರಕು ಅಂಚು. ಹೀಗೆ ಹೋದ ಜಾಗ ಯಾವ ಕಂಪನಿಯ ಪಟ್ಟಿಯಲ್ಲೂ ಬರುವುದಿಲ್ಲ.

ಕಣ್ಣು, ಕೈ, ಅಂಗಳ

ಕೊನೆಯ ಪಂಥದವರು ಪರದೆಯನ್ನು ಬಿಟ್ಟು ಮನುಷ್ಯನಿಂದ ಹೊರಡುತ್ತಾರೆ. ಓದುವವರ ವಯಸ್ಸೆಷ್ಟು, ಎಷ್ಟು ದೂರ ಹಿಡಿಯುತ್ತಾರೆ, ಕೈ ಖಾಲಿಯಿದೆಯೇ? ಬಡಗುತಿಟ್ಟಿನ ಯಕ್ಷಗಾನದ ಭಾಗವತರನ್ನು ನೆನೆಯಿರಿ. ಎರಡೂ ಕೈಯಲ್ಲಿ ತಾಳ, ಕಣ್ಣು ವೇಷದ ಮೇಲೆ, ಕಿವಿ ಮದ್ದಳೆಯ ಕಡೆ. ಪುಸ್ತಕದ ಬದಲು ಟ್ಯಾಬ್ ಇಟ್ಟುಕೊಳ್ಳುವ ರೂಢಿ ಈಗ ರಂಗಸ್ಥಳಕ್ಕೂ ಬಂದಿದೆ. ಅವರಿಗೆ ಬೇಕಾದದ್ದು ಒಂದು ಭಾಮಿನಿ ಷಟ್ಪದಿಯ ಆರೂ ಸಾಲು, ಇಲ್ಲವೇ ಒಂದು ಪದದ ಎಲ್ಲ ಚರಣ ಪುಟ ಸರಿಸದೆ ಒಮ್ಮೆಗೇ ಕಾಣುವುದು. ಪುಸ್ತಕವನ್ನು ಹಿಡಿಯುವುದಕ್ಕಿಂತ ದೂರದಲ್ಲಿ, ಪಕ್ಕದಲ್ಲಿ ಅದು ಇರುತ್ತದೆ. ದೂರ ಎರಡು ಪಾಲಾದರೆ ಅದೇ ಸ್ಪಷ್ಟತೆಗೆ ಅಕ್ಷರವೂ ಎರಡು ಪಾಲು ದೊಡ್ಡದಾಗಬೇಕು, ಪರದೆಯಲ್ಲಿ ಹಿಡಿಯುವ ಪದ್ಯ ನಾಲ್ಕರಲ್ಲೊಂದಕ್ಕೆ ಇಳಿಯುತ್ತದೆ. ಹಳೆಯ ಮುದ್ರಿತ ಪ್ರಸಂಗಗಳಲ್ಲಿ ಕಾಗದ ಉಳಿಸಲು ಪದ್ಯವನ್ನು ಸಾಲು ಬಿಡಿಸದೆ, ನಡುವೆ ಗೀಟೆಳೆದು ಗದ್ಯದಂತೆ ಜೋಡಿಸುತ್ತಿದ್ದರು. ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಅದು ಹಾಗೆಯೇ ಬರುತ್ತದೆ, ಕಣ್ಣು ತಪ್ಪಿದರೆ ಮತ್ತೆ ಜಾಗ ಹುಡುಕುವುದು ಕಷ್ಟ.

ಅಡಿಕೆ ಒಣಹಾಕಿದ ಅಂಗಳದ ಬಿಸಿಲಲ್ಲಿ ಹೊಳೆಯುವ ಗಾಜಿನ ಪರದೆ ಎಷ್ಟು ದೊಡ್ಡದಿದ್ದರೂ ಮುಖ ನೋಡುವ ಕನ್ನಡಿಯೇ. ಮಳೆಗಾಲದಲ್ಲಿ ಒದ್ದೆ ಬೆರಳಿಗೆ ಪರದೆ ಸರಿಯಾಗಿ ಸ್ಪಂದಿಸದು. ಇನ್ನು ತೂಕ. ಹತ್ತು ಇಂಚಿನದನ್ನು ಎಂಬತ್ತರ ಕೈ ಎಷ್ಟು ಹೊತ್ತು ಎತ್ತಿ ಹಿಡಿದೀತು? ನಾವು ವ್ಯಾಸಪೀಠದ ಮೇಲಿಟ್ಟುಕೊಟ್ಟೆವು, ಅದು ಹೊಂದಿತು.

ಇನ್ನೂ ತೀರದ ಪ್ರಶ್ನೆಗಳು

ಈ ಪಂಥಗಳು ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ಅಕ್ಷರವನ್ನು ಬೇಕಾದಂತೆ ಹಿಗ್ಗಿಸಿ ಸಾಲು ಹರಿಸಬಹುದಾದ ಯುನಿಕೋಡ್ ಪಠ್ಯಕ್ಕೆ ಚದರ ಇಂಚಿನ ಲೆಕ್ಕವೇ ಸರಿಯಾದದ್ದು. ವಿಸ್ತಾರ ಎರಡು ಪಾಲಾದರೆ ಪಠ್ಯವೂ ಹೆಚ್ಚುಕಡಿಮೆ ಎರಡು ಪಾಲು ಹಿಡಿಯುತ್ತದೆ. ಸ್ಕ್ಯಾನ್ ಮಾಡಿ ಕಟ್ಟಿಟ್ಟ ಪುಟಕ್ಕೆ ಆಕಾರದವರ ಮಾತು ನಿಜ. ಕನ್ನಡದ ಹಳೆಯ ಪುಸ್ತಕಗಳು ಬಹುಪಾಲು ಸ್ಕ್ಯಾನ್ ಪ್ರತಿಗಳಾಗಿಯೇ ನಮಗೆ ಸಿಗುತ್ತಿರುವಾಗ ನಾವು ಈ ಎರಡನೆಯದನ್ನೇ ಮುಂದಿಟ್ಟುಕೊಳ್ಳಬೇಕು ಎಂಬುದು ನನ್ನ ತೀರ್ಮಾನ.

ತೀರದೆ ಉಳಿದದ್ದು ಹಲವು. ಪರದೆಯ ಮೂಲೆಗಳನ್ನು ಈಗ ದುಂಡಗೆ ಕತ್ತರಿಸುತ್ತಾರೆ. 2022ರ ಐಪ್ಯಾಡಿನ ವಿವರದಲ್ಲಿ ಆ್ಯಪಲ್ ಕಂಪನಿಯೇ, ಮೂಲೆಗಳನ್ನು ಚೌಕವೆಂದು ಭಾವಿಸಿ ಅಳೆದರೆ 10.86 ಇಂಚು, ನಿಜವಾಗಿ ಕಾಣುವುದು ಅದಕ್ಕಿಂತ ಕಡಿಮೆ ಎಂದು ಅಡಿಟಿಪ್ಪಣಿ ಹಾಕಿದೆ. ಎಷ್ಟು ಕಡಿಮೆ ಎಂದು ಅಲ್ಲಿ ಬರೆದಿಲ್ಲ. ಮಡಚುವ ಪರದೆಗಳು 2019ರಿಂದ ಅಂಗಡಿಗೆ ಬಂದಿವೆ, ಕಡತದ ಹಾಗೆ ಬಿಚ್ಚಿದಷ್ಟು ಜಾಗ. ಬಿಚ್ಚಿದಾಗ ಕೆಲವು ಚೌಕಕ್ಕೆ ಹತ್ತಿರವಾಗುತ್ತವೆ. ಕರ್ಣಕ್ಕೆ ಹೋಲಿಸಿದರೆ ಅತಿ ಹೆಚ್ಚು ವಿಸ್ತಾರ ಸಿಗುವ ಆಕಾರ ಚೌಕವೇ, ನಮ್ಮ ಡೆಮಿ ಪುಟಕ್ಕೆ ಮಾತ್ರ ಅದು ಒಗ್ಗುವುದಿಲ್ಲ. ಪುಟ ತಿರುವಿ ಓದುವುದು ಒಳ್ಳೆಯದೋ ಸರಿಸುತ್ತ ಹೋಗುವುದೋ ಎಂಬುದರಲ್ಲೂ ಒಮ್ಮತವಿಲ್ಲ. ಎಲ್ಲಕ್ಕಿಂತ ದೊಡ್ಡದು, ಪರದೆಯ ಮೇಲೆ ಕನ್ನಡ ಸುಖವಾಗಿ ಓದಲು ಅಕ್ಷರ ಎಷ್ಟೆತ್ತರ, ಸಾಲಿನ ಅಂತರ ಎಷ್ಟಿರಬೇಕು ಎಂಬ ಪ್ರಶ್ನೆ. ಅದನ್ನು ಇಂಗ್ಲಿಷಿನ ಅಳತೆಯಿಂದ ಎರವಲು ತರಲಾಗದು, ಕನ್ನಡದ ಕಣ್ಣುಗಳಿಂದಲೇ ಅಳೆಯಬೇಕು.

ಅಲ್ಲಿಯವರೆಗೆ, ಟ್ಯಾಬ್ ಕೊಳ್ಳಲು ಹೊರಟವರು ಮನೆಯಲ್ಲಿ ಓದಬೇಕಾದ ಪುಸ್ತಕದ್ದೊಂದು ಪಿಡಿಎಫ್, ಒಂದು ಪಹಣಿ ಮತ್ತು ಮಕ್ಕಳ ಪೆಟ್ಟಿಗೆಯಲ್ಲಿರುವ ಅಡಿಕೋಲು ಹಿಡಿದು ಹೋಗಿ. ಅಂಗಡಿಯವರು ಕರ್ಣ ಹೇಳಲಿ, ನೀವು ಪರದೆಯ ಅಗಲವನ್ನು ಅಳೆಯಿರಿ. ಓದಬೇಕಾದವರನ್ನೂ ಜೊತೆಗೆ ಕರೆದುಕೊಂಡು ಹೋಗಿ.